ಹೊಟ್ಟೆ ಗುಡಿಸುವ ಹೊತ್ತು

ಚರ್ಚಾಸ್ಪರ್ಧೆಯಲ್ಲಿ ಗೆದ್ದವನ ಕೈಗೆ ಕಪ್ ಕೊಡುತ್ತಾರೆ. ಅದರಲ್ಲಿ ಯಾರೂ ಏನನ್ನೂ ಬಡಿಸುವುದಿಲ್ಲ. ಇದು ನನಗೆ ತಡವಾಗಿ ತಿಳಿಯಿತು. ನಮ್ಮ ಕಡೆ ಯಾರು ಎದುರಾದರೂ ಮೊದಲ ಮಾತು 'ಊಟ ಆತಾ?' ಎಂದೇ. ಆಗಿರಲಿ, ಬಿಡಲಿ, 'ಆತು' ಎನ್ನಬೇಕು. ಇಲ್ಲವೆಂದರೆ ಬಡಿಸಿ ಎಂದು ಬಾಯಿಬಿಟ್ಟು ಕೇಳಿದಂತೆ. ದೇವರಿಂದ ಹಿಡಿದು ಜಾತಕದವರೆಗೆ ಎಲ್ಲವನ್ನೂ ಪ್ರಶ್ನಿಸುತ್ತಿದ್ದ ನಾನು ಈ ಸುಳ್ಳನ್ನು ಮಾತ್ರ ತಪ್ಪದೆ ಹೇಳುತ್ತಿದ್ದೆ. ಪ್ರತಿವಾದಕ್ಕೆ ಇಳಿಯುತ್ತಿದ್ದುದು ನನ್ನ ಹೊಟ್ಟೆಯೊಂದೇ.

ತೊಂಬತ್ತರ ದಶಕದ ಕೊನೆ. ಚಳ್ಳಕೆರೆಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಸಂಜೆ ಮೊಳಕಾಲ್ಮೂರಿನ ಬಸ್ಸು ಹತ್ತಿದರೆ, ಚರ್ಚೆಯಲ್ಲಿ ನನ್ನ ಜೋಡಿಯಾಗಿದ್ದ ರೇಣುಕಾ ತನ್ನೂರು ತಳಕಿನವರೆಗೆ ಜೊತೆಗಿರುತ್ತಿದ್ದಳು. ನಾನು ದಿನವಿಡೀ ಕಾಯುತ್ತಿದ್ದುದು ಆ ತಳಕಿನವರೆಗಿನ ದಾರಿಗೇ. ಒಂದು ದಿನ ಎಣ್ಣೆ ಮಿಲ್ಲುಗಳ ಶೇಂಗಾ ವಾಸನೆ ದಾಟುವ ಮೊದಲೇ ಅವಳು ಕೇಳಿದಳು: "ಊಟ ಆತೇನ್ರಿ?"

"ಆತು," ಎಂದೆ. ಹೊಟ್ಟೆ ಗೊರ್ರೆಂದಿತು.

"ನೀವೊಂದು ಹೇಳ್ತೀರಿ, ಅದೊಂದು ಹೇಳ್ತೈತಲ್ರೀ," ಎಂದು ನಕ್ಕು ಡಬ್ಬಿ ತೆರೆದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ. "ಇಬ್ರಿಗಾಗಷ್ಟು ಐತೆ. ನಾನೇ ತಟ್ಟಿದ್ದು."

ಬುದ್ಧಿಯಿರುವವನು ಕೈ ಚಾಚುತ್ತಿದ್ದ. ನಾನು ಪಾಠ ಶುರುಮಾಡಿದೆ. ಇದು ಹಸಿವಲ್ಲ, ಹೊಟ್ಟೆ ಖಾಲಿಯಾದಾಗ ಸಣ್ಣ ಕರುಳಿನ ಮೇಲ್ಭಾಗದಿಂದ ಮೋಟಿಲಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ, ಆಗ ಜಠರದಿಂದ ಒಂದು ಅಲೆ ಎದ್ದು, ಹಿಂದಿನ ಊಟದ ಚೂರುಪಾರನ್ನೆಲ್ಲ ಕರುಳಿನುದ್ದಕ್ಕೂ ಗುಡಿಸಿಕೊಂಡು ಹೋಗುತ್ತದೆ, ಈ ಗೊರಗೊರ ಆ ಪೊರಕೆಯ ಸದ್ದು ಎಂದೆ.

"ಈಗ ತಿಂದ್ರೆ ಏನಾಗ್ತೈತೆ?"

"ಗುಡಿಸೋದು ಅರ್ಧಕ್ಕೇ ನಿಲ್ತೈತೆ."

ಅವಳು ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಕಸ ಗುಡಿಸೋ ಮನೇಲಿ ತಟ್ಟೆ ಇಡಬಾರದು ಬಿಡ್ರಿ," ಎಂದು ಮುಚ್ಚಳ ಹಾಕಿದಳು. ತಳಕು ಬಂತು, ಇಳಿದಳು. ಮರುದಿನದಿಂದ ಡಬ್ಬಿಯಲ್ಲಿ ಒಬ್ಬರಿಗಾಗುವಷ್ಟೇ ಇರುತ್ತಿತ್ತು. ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ರಾಂಪುರದ ಕಡೆ ಅವಳ ಮದುವೆಯಾಯಿತೆಂದು ಕೇಳಿದೆ.

ಆಮೇಲೆ ಓದಿದೆ: ಖಾಲಿ ಜಠರದಿಂದ ಹಸಿವನ್ನೇ ಕೆರಳಿಸುವ ಇನ್ನೊಂದು ಹಾರ್ಮೋನು ಹೊರಡುತ್ತದಂತೆ, ಗ್ರೆಲಿನ್ ಅಂತ. ಅಂದರೆ ಪೊರಕೆಯ ಜೊತೆ ಹಸಿವೂ ಇತ್ತು. ನಾನು ಗೆದ್ದ ವಾದವೂ ಅರ್ಧದ್ದೇ. ಅದನ್ನು ಒಪ್ಪಿಕೊಳ್ಳೋಣವೆಂದರೆ ಎದುರುಪಕ್ಷ ಇಳಿದುಹೋಗಿ ವರ್ಷಗಳಾಗಿವೆ.

ಈಗ ನಾನು ಮೊಳಕಾಲ್ಮೂರಿನಲ್ಲಿ ಮೇಷ್ಟ್ರು. ಚಳ್ಳಕೆರೆಯಿಂದ ಬರುವಾಗ ಪಕ್ಕದ ಸೀಟಿನ ಮೇಲೆ ಚೀಲ ಇಡುವುದಿಲ್ಲ. ತಳಕು ಹತ್ತಿರವಾದಂತೆ ಪೊರಕೆ ಏಳುತ್ತದೆ. ಪರಿಚಯದ ಕಂಡಕ್ಟರು ಬಂದು, "ಊಟ ಆತೇನ್ರಿ ಮೇಷ್ಟ್ರೇ?" ಅನ್ನುತ್ತಾನೆ.

"ಆತು," ಎನ್ನುತ್ತೇನೆ. ಹೊಟ್ಟೆ ಜೋರಾಗಿ ಖಂಡಿಸುತ್ತದೆ. ಇಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಿಸುವುದಿಲ್ಲ. ಮತ್ತೆ ನಾನೇ ಗೆಲ್ಲುತ್ತೇನೆ.