ಪಂಚೆಗಾಗಿ ಪ್ಯಾಡು

ಹೊಸ ಪಂಚೆ ಉಡುವುದು ಊರಿಗಾಗಿ, ಹಳೆಯ ಪಂಚೆ ಉಡುವುದು ನಮಗಾಗಿ. ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಅರ್ಧ ಆಯುಷ್ಯ ಅಳೆದು ಹರಿದು ಕಳೆದವನ ಮಾತಿದು, ನಂಬಬಹುದು. ಹೊಸ ಪಂಚೆ ಮದುವೆ ಮನೆಯ ಬೀಗರಂತೆ ಸೆಟೆದುಕೊಂಡಿರುತ್ತದೆ. ಅದನ್ನು ಒಗೆದು ಒಗೆದು ಪಳಗಿಸಿ, ಉಟ್ಟದ್ದೇ ಗೊತ್ತಾಗದಷ್ಟು ಮೆತ್ತಗೆ ಮಾಡಿಕೊಳ್ಳಲು ವರ್ಷಗಳು ಬೇಕು. ಹಾಗೆ ಪಳಗಿದ ಪಂಚೆಗಳ ಒಂದು ಸಾಲೇ ಹರಿಹರದ ನಮ್ಮ ಮನೆಯ ಬೀರುವಿನಲ್ಲಿತ್ತು. ಸಂಜೆ ಬಸ್ಸಿಳಿದು ಮನೆಗೆ ಬಂದು, ಪ್ಯಾಂಟು ಕಳಚಿ ಅದರಲ್ಲೊಂದನ್ನು ಸುತ್ತಿಕೊಂಡರೆ ಸ್ವರ್ಗಕ್ಕೆ ಮೂರೇ ಗೇಣು.

ಮಗಳು ವೀಣಾ ಹೆರಿಗೆಗೆ ಬಂದಳು, ಗಂಡು ಮಗು ಹೆತ್ತಳು, ಎಲ್ಲರಿಗೂ ಸಂತೋಷ. ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ಬೀರು ತೆರೆದರೆ ಪಂಚೆಯ ಸಾಲಿನಲ್ಲಿ ಖಾಲಿ ಜಾಗ. ಒಳಕೋಣೆಯಿಂದ ‘ಪರ್’ ಎಂಬ ಸದ್ದು. ಬಟ್ಟೆ ಹರಿಯುವ ಸದ್ದು ನನಗೇನೂ ಹೊಸದಲ್ಲ, ಆದರೆ ಅಂಗಡಿಯಲ್ಲಿ ಹರಿಯುವುದು ಗಿರಾಕಿಯ ಬಟ್ಟೆ. ಹೆಂಡತಿ ಗಿರಿಜೆ ಬಾಗಿಲ ಸಂದಿಯಿಂದಲೇ ಹೇಳಿದಳು: “ಬಾಣಂತಿಗೆ ಬಟ್ಟೆ ಬೇಕು. ನಿಮ್ಮ ಪಂಚೆ ಮೆತ್ತಗದಾವೆ. ಹಡೆದ ಮ್ಯಾಲೆ ಹೋಗೋ ರಕ್ತ ಒಂದೆರಡು ದಿನಕ್ಕೆ ನಿಲ್ಲಂಗಿಲ್ಲ, ವಾರಗಟ್ಲೆ ಬೇಕಾಗ್ತಾವೆ.”

ವಾರಗಟ್ಟಲೆ! ಉಳಿದ ಪಂಚೆಗಳು ನನ್ನನ್ನೇ ನೋಡಿದಂತಾಯಿತು. “ಈಗ ಪ್ಯಾಡ್ ಬಂದಾವಲ್ಲೇ?” ಎಂದೆ. ಮದುವೆಯಾದಂದಿನಿಂದ ಆ ಪದ ನನ್ನ ಬಾಯಲ್ಲಿ ಬಂದದ್ದು ಅದೇ ಮೊದಲು.

“ಹೆಂಗಸ್ರ ಉಸಾಬರಿ ನಿಮಗ್ಯಾಕ? ನಾವೆಲ್ಲ ಬಟ್ಟೆ ಕಟ್ಕಂಡೇ ಹಡೆದೋರು. ಬಟ್ಟೆ ಆದ್ರೆ ಎಷ್ಟು ಹೋತು ಅಂತ ಕಣ್ಣಿಗೆ ಕಾಣ್ತೈತೆ.”

ಒಳಗಿನಿಂದ ವೀಣಾ ಹೇಳಿದಳು: “ಪ್ಯಾಡಿನಾಗೂ ಕಾಣ್ತೈತವ್ವಾ. ಗಂಟೆಯೊಳಗೆ ಒಂದು ಪ್ಯಾಡ್ ಪೂರ್ತಿ ತೊಯ್ದ್ರೆ ತಡ ಮಾಡ್ಬ್ಯಾಡ್ರಿ, ಬಂದುಬಿಡ್ರಿ ಅಂತ ನರ್ಸ್ ಹೇಳ್ಲಿಲ್ಲೇನು? ಈ ಬಟ್ಟೆ ಗಂಟು ಹಡೆದಾಗ ಹಾಕಿದ ಹೊಲಿಗೆಗೆ ಒತ್ತುತೈತೆ. ಕೂಸಿಗೆ ಹಾಲು ಕೊಡಾಕೆ ಕೂತ್ರೂ ಜೀವ ಹೋಗ್ತೈತೆ.” ದನಿಯಲ್ಲಿ ಅಳುವಿತ್ತು. ನನ್ನ ಕರುಳು ಚುರುಕ್ಕೆಂದಿತು. ಆ ಚುರುಕ್ಕಿನಲ್ಲಿ ಮಗಳ ಪಾಲೆಷ್ಟು, ಪಂಚೆಯ ಪಾಲೆಷ್ಟು ಎಂದು ಕೇಳಬೇಡಿ. ಆಗ ವಿಂಗಡಿಸಲು ಪುರುಸೊತ್ತಿರಲಿಲ್ಲ.

ಹರಿಹರದ ಔಷಧಿ ಅಂಗಡಿಯವರೆಲ್ಲ ಪರಿಚಯದವರು. ಹಾಗಾಗಿ ದಾವಣಗೆರೆಯಲ್ಲಿ, ನಮ್ಮ ಅಂಗಡಿಯಿಂದ ದೂರದ ಬೀದಿಯೊಂದನ್ನು ಹುಡುಕಿಕೊಂಡು ಹೋದೆ. “ಯಾವ ಸೈಜು ಸರ್? ಲಾರ್ಜು, ಎಕ್ಸೆಲ್ಲು, ಡಬಲ್ ಎಕ್ಸೆಲ್ಲು?” ಎಂದು ಅಂಗಡಿಯವನು ಕೇಳಿದ. ಸೈಜಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅಳತೆ ಹೇಳುವವನು ನಾನು. “ನಮ್ಮ ಹುಡುಗಿ ಸಣ್ಣಕದಾಳೆ, ಮೀಡಿಯಂ ಸಾಕು” ಎಂದೆ. ಬಟ್ಟೆಯಲ್ಲಿ ತೆಳುವಾದಷ್ಟೂ ಮಾಲು ಉಚ್ಚ. ಆದ್ದರಿಂದ ಪೊಟ್ಟಣಗಳನ್ನೆಲ್ಲ ಬೆರಳಲ್ಲಿ ಹಿಸುಕಿ ನೋಡಿ, ಎಲ್ಲಕ್ಕಿಂತ ತೆಳುವಾದ, ಗುಲಾಬಿ ಪರಿಮಳದ್ದನ್ನು ಆರಿಸಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. “ಒಗೆದ್ರೆ ಕುಗ್ಗತಾವೇನ್ರಿ?” ಎಂದು ಬಾಯಿ ಬಿಟ್ಟೆ.

“ಒಗೆದ ಮ್ಯಾಲೆ ಕುಗ್ಗಿದ್ರೇನು, ಹಿಗ್ಗಿದ್ರೇನು ಸರ್? ಕಾಗದದಾಗೆ ಸುತ್ತಿ ಒಗೆದ್ರಾತು.”

ಕಾಗದದಲ್ಲಿ ಸುತ್ತಿ ಒಗೆದರೆ ಕಾಗದ ಹರಿಯುವುದಿಲ್ಲವೇ ಎಂದು ಬಸ್‌ಸ್ಟ್ಯಾಂಡಿನವರೆಗೂ ಯೋಚಿಸಿದೆ. ನಮ್ಮ ಕಡೆ ಒಗೆಯುವುದೆಂದರೆ ಬಿಸಾಡುವುದೂ ಹೌದು ಎಂಬುದು ಬಸ್ಸಿನಲ್ಲಿ ಸೀಟು ಸಿಕ್ಕ ಮೇಲೆ ಹೊಳೆಯಿತು.

ಪೊಟ್ಟಣ ನೋಡಿದ ವೀಣಾ ನಕ್ಕಳು, ನಗಲಾರದೆ ಹೊಟ್ಟೆ ಹಿಡಿದುಕೊಂಡಳು. “ಅಪ್ಪಾ, ಇದು ಮೈಯಳತೆ ಅಲ್ಲ, ರಕ್ತದ ಅಳತೆ. ಹಡೆದೋರಿಗೆ ಉದ್ದಂದು, ದಪ್ಪಂದು ಬೇಕು. ಪರಿಮಳ ಬ್ಯಾಡೇ ಬ್ಯಾಡ, ಉರಿತೈತೆ.” ಮರುದಿನ ನಾನು ಇದ್ದುದರಲ್ಲೇ ಉದ್ದದ, ದಪ್ಪದ ಪ್ಯಾಡುಗಳನ್ನು ಒಂದು ಚೀಲದ ತುಂಬ ತಂದೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು ನಂದಿಗುಡಿಯ ಪರಿಚಯದ ರೈತರೊಬ್ಬರು. ಚೀಲವನ್ನು ಕೈಯಲ್ಲಿ ಎತ್ತಿ ನೋಡಿ, “ಮಂಡಕ್ಕಿನೇನ್ರಿ?” ಎಂದರು. ಇಷ್ಟು ದೊಡ್ಡದು, ಇಷ್ಟು ಹಗುರ, ಅದೂ ದಾವಣಗೆರೆಯಿಂದ ಬರುತ್ತಿರುವುದು, ಅವರದೇನೂ ತಪ್ಪಿಲ್ಲ. “ಅಲ್ರಿ, ಬಾಣಂತಿಗೆ” ಎಂದೆ. “ಬಾಣಂತಿಗೆ ಮಂಡಕ್ಕಿ ಕೊಡಬ್ಯಾಡ್ರಿ, ವಾಯು ಆಗ್ತೈತೆ!” ಎಂದು ಅವರು ಗಾಬರಿಯಾದರು.

“ತಿನ್ನೋದಲ್ರಿ! ಪ್ಯಾಡು! ಬಾಣಂತಿ ಪ್ಯಾಡು!” ಎಂದದ್ದು ಡ್ರೈವರಿನವರೆಗೂ ಕೇಳಿತು. ಮುಂದಿನ ಸೀಟಿನ ಹೆಂಗಸೊಬ್ಬರು ತಿರುಗಿ, “ಇಂಥಾ ಅಪ್ಪ ಎಲ್ರಿಗೂ ಸಿಗಂಗಿಲ್ಲ ಬಿಡ್ರಿ” ಎಂದರು. ನಾನು ಕತ್ತು ನೆಟ್ಟಗೆ ಮಾಡಿಕೊಂಡೆ.

ಅಂದು ಸಂಜೆ ವೀಣಾ ಮುಖ ಕಿವುಚದೆ ಕೂತು ಮಗುವಿಗೆ ಹಾಲು ಕೊಟ್ಟಳು. ನನಗೆ ನಿಜವಾಗಿಯೂ ಸಂತೋಷವಾಯಿತು. ಪಂಚೆಯ ನೆನಪು ಕೂಡ ಬರಲಿಲ್ಲ. ಗಿರಿಜೆಯೇ ಮೂರು ಹೊತ್ತೂ “ಬದಲಿಸಿದೇನೇ?” ಎಂದು ಕೇಳತೊಡಗಿದಳು. ನಾನಂತೂ ಭಾಷಣಕಾರನೇ ಆದೆ. ಮಗು ನೋಡಲು ಬಂದ ಗಂಡಸರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, “ನಾಚ್ಕೆ ಬಿಡ್ರಿ. ತಾಯಿ-ಕೂಸಿನ ಸುಖ ಮೊದಲು, ನಮ್ಮ ಸುಖ ಆಮ್ಯಾಲೆ” ಎನ್ನುತ್ತಿದ್ದೆ. ಅವರು ಚಹಾ ಬಿಸಿಯಿರುವಾಗಲೇ ಕುಡಿದು ಎದ್ದುಬಿಡುತ್ತಿದ್ದರು.

ಒಂದು ಬೆಳಿಗ್ಗೆ ವೀಣಾ ಮಗುವನ್ನೆತ್ತಿಕೊಂಡು ಬಂದಳು. “ಅಪ್ಪಾ, ಡೈಪರ್ ಹಾಕಿ ಹಾಕಿ ಕೂಸಿನ ಕುಂಡಿ ಕೆಂಪಗಾಗೈತೆ. ಸ್ವಲ್ಪ ದಿನ ಮೆತ್ತನೆ ಬಟ್ಟೆ ಕಟ್ರಿ ಅಂದಾರೆ ಡಾಕ್ಟ್ರು. ತಾಯಿ-ಕೂಸಿನ ಸುಖ ಮೊದಲು ಅಂತೀಯಲ್ಲ, ಅದಕ್ಕೇ ನಿನ್ನೇ ಕೇಳ್ತಿದೀನಿ.” ಗಿರಿಜೆ ಕತ್ತರಿ ತಂದು ನನ್ನ ಕೈಗಿಟ್ಟಳು. ಬೀರು ಖಾಲಿಯಾಗುವವರೆಗೆ ನಾನೇ ಹರಿದೆ, ಎಲ್ಲೂ ಓರೆಯಾಗದಂತೆ.

ಈಗ ಮನೆಯಲ್ಲೂ ಅಳಿಯ ಕೊಡಿಸಿದ ಟ್ರ್ಯಾಕ್ ಪ್ಯಾಂಟಿನಲ್ಲೇ ಇರುತ್ತೇನೆ. ಅದರ ಎಲಾಸ್ಟಿಕ್ ಸೊಂಟವನ್ನು ಕಚ್ಚಿ ಹಿಡಿಯುತ್ತದೆ. ಮೊನ್ನೆ ಬಂದ ಬೀಗರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ತಮ್ಮ ಹೆಂಡತಿಗೆ ಹೇಳಿದರು: “ಪ್ಯಾಡಿನ ವಿಷ್ಯ ಕೇಳಿದಾಗ ನಂಬಿರ್ಲಿಲ್ಲ ಕಣೇ. ಈಗ ನೋಡು, ಬೀಗರು ಪಂಚೆನೂ ಬಿಟ್ಟಾರೆ. ಸುಧಾರಣೆ ಅಂದ್ರೆ ಇದು!”