ಸೊಸೆಗೆ ಕೊಟ್ಟ ಬೆಲ್ಲ-ನೀರು

ಸಂಧ್ಯಾವಂದನೆಗೆ ಒಂದು ದಿನವೂ ಲೋಪ ಮಾಡದವರು, ತರ್ಕ-ವ್ಯಾಕರಣಗಳನ್ನು ಅರೆದು ಕುಡಿದವರು, ಮನೆಗೆ ಬಂದವರನ್ನು ಉಣಿಸದೆ ಕಳುಹಿಸದವರು, ನಾಲಗೆಯೊಂದನ್ನುಳಿದು (ಅದಕ್ಕೆ ಸಿಹಿಯ ಚಪಲ) ಮಿಕ್ಕೆಲ್ಲ ಇಂದ್ರಿಯಗಳನ್ನು ಗೆದ್ದವರು, ಶೃಂಗೇರಿಯ ವಿದ್ವಾನ್ ವಿದ್ಯಾಶಂಕರ ಭಟ್ಟರು. ಇಂಥ ಮಹನೀಯರಿಗೆ ೨೦೦೮ರಲ್ಲಿ ಭಾರತ ಸರ್ಕಾರದ ಮೇಲೊಂದು ತಕರಾರು ಹುಟ್ಟಿತು.

ಸಂಸ್ಕೃತ ಕಲಿಯಲು ಹಂಗೇರಿಯಿಂದ ಬಂದ ಇಲೋನಾಳನ್ನು ಮಗ ಸುದರ್ಶನ ವಿಧಿವತ್ತಾಗಿ ವರಿಸಿದ್ದ. ಭಟ್ಟರೇ ಅವಳಿಗೆ ಇಳಾ ಎಂದು ಹೆಸರಿಟ್ಟಿದ್ದರು.

"ಏಳು ಹೆಜ್ಜೆ ಇಟ್ಟ ಕೂಡ್ಲೇ ಗೋತ್ರವೇ ಬದಲಾಗ್ತದೆ. ಪೌರತ್ವಕ್ಕೆ ಮಾತ್ರ ಏಳು ವರ್ಷ ಇಲ್ಲೇ ಇದ್ದು ಅರ್ಜಿ ಹಾಕ್ಬೇಕಂತೆ! ಹೆಜ್ಜೆಗೊಂದು ವರ್ಷವಾ?" ಇದು ಭಟ್ಟರ ತಕರಾರು.

ಅಂತೂ ಏಳು ವರ್ಷ ತುಂಬಿ ಅರ್ಜಿ ಹೋಯಿತು. ಇಳಾ ನಿಜವಾಗಿ ಈ ಮನೆಯಲ್ಲೇ ಸಂಸಾರ ಮಾಡುತ್ತಿದ್ದಾಳೆಯೇ ಎಂದು ನೋಡಲು ಪೊಲೀಸರು ಬರುವವರಿದ್ದರು. ವರದಿ ಕೆಟ್ಟರೆ ಮತ್ತೆ ವೀಸಾಕ್ಕಾಗಿ ಅಲೆದಾಟ. ಊರಿನ ಚುನಾವಣೆಯಲ್ಲಿ ಓಟು ಹಾಕಬೇಕೆಂಬ ಅವಳ ಹಂಬಲಕ್ಕೂ ಕಲ್ಲು. ಭಟ್ಟರು ಮಡದಿ ಸರಸ್ವತಮ್ಮನಿಗೆ ಅಪ್ಪಣೆ ಕೊಡಿಸಿದರು:

"ನಾಳೆ ಇಳಾಳ ಕೈಲಿ ಕೆಲಸ ಮಾಡಿಸ್ಬೇಡ. ಕುರ್ಚಿ ಮೇಲೆ ಕೂರಿಸಿ ಗೌರವದಿಂದ ನೋಡ್ಕೊ. ಸರ್ಕಾರದ ಕಣ್ಣಿಗೆ ಚಂದ ಕಾಣ್ಬೇಕು."

"ಹಂಗಾರೆ ತಂಬುಳಿಗೆ ಯಾರು ರುಬ್ತಾರೆ? ನೀವಾ?"

ಮರುದಿನ ಠಾಣೆಯ ರೇಣುಕಪ್ಪ ಬಂದರು. ಸರಸ್ವತಮ್ಮ ಪತಿಯ ಆಜ್ಞೆಯನ್ನು ಅಕ್ಷರಶಃ ಪಾಲಿಸಿದರು. ರೇಣುಕಪ್ಪನವರಿಗೊಂದು ತಟ್ಟೆ ಬೆಲ್ಲ, ಒಂದು ಲೋಟ ನೀರು; ಪಕ್ಕದ ಕುರ್ಚಿಯಲ್ಲಿ ಗೊಂಬೆಯಂತೆ ಕುಳಿತ ಇಳಾಳಿಗೂ ಅಷ್ಟೇ, ಅದೂ ಬೆಳ್ಳಿ ಲೋಟದಲ್ಲಿ! "ತಗೊಳ್ಳಿ, ಸಂಕೋಚ ಮಾಡ್ಕೋಬೇಡಿ."

ರೇಣುಕಪ್ಪ ಬರೆಯುವುದನ್ನು ನಿಲ್ಲಿಸಿದರು. "ಭಟ್ರೇ, ನಮ್ಮ ಬಾಳೆಹೊನ್ನೂರು ಕಡೆ ಬೆಲ್ಲ-ನೀರು ಕೊಡೋದು ಹೊರಗಿಂದ ಬಂದೋರಿಗೆ. ಇವ್ರು ಬಂದಿದ್ದು ಇವತ್ತಾ, ನಿನ್ನೆಯಾ?"

ಸುದರ್ಶನನ ಮುಖ ಬಿಳಿಚಿತು. ಗಾಬರಿಯಲ್ಲಿ ಭಟ್ಟರ ಬಲಗೈ, ಯಜಮಾನರನ್ನು ಕೇಳದೆಯೇ, ಸೊಸೆಯ ತಟ್ಟೆಯಿಂದ ಬೆಲ್ಲದ ದೊಡ್ಡ ಚೂರನ್ನು ಬಾಯಿಗೆ ಸಾಗಿಸಿತು.

ಗೊಂಬೆ ಕುರ್ಚಿಯಿಂದ ಎದ್ದಿತು.

"ಎಂತ ಮಾವಯ್ಯ ಅದು? ಉಗೀರಿ! ಸಕ್ಕರೆ ಕಾಯಿಲೆ ಇಟ್ಕಂಡು ಬೆಲ್ಲ ಮುಕ್ತೀರಲ್ಲ! ಮೊನ್ನೆ ಪಂಚಕಜ್ಜಾಯ ಖಾಲಿ ಆಗಿದ್ದಕ್ಕೆ ಇಲಿ ತಿಂತು ಅಂದ್ರಿ. ಅತ್ತೆ, ನೋಡಿ ನಿಮ್ಮ ಇಲಿನ!"

"ನಂಗೆ ಆವತ್ತೇ ಅನುಮಾನ ಬಂದಿತ್ತು," ಎಂದರು ಸರಸ್ವತಮ್ಮ. "ಇಲಿ ಬಟ್ಟಲು ತೊಳೆದು ಕವುಚಿ ಇಡ್ತದಾ?"

ರೇಣುಕಪ್ಪ ನಗು ತಡೆಯುತ್ತ ಪೆನ್ನೆತ್ತಿದರು. "ಸಾಕು ಭಟ್ರೇ. ನೆಂಟ್ರು ಯಾರೂ ಹಿಂಗೆ ಬಯ್ಯಲ್ಲ. ಇವ್ರು ಇದೇ ಮನೆಯವ್ರು. ಬರ್ಕೊಂಡೆ."

"ಬರ್ಕೊಳ್ಳಿ," ಎಂದರು ಭಟ್ಟರು, ಬೆಲ್ಲ ನುಂಗಿ. "ಇಲಿ ವಿಷಯ ಮಾತ್ರ ಬೇಡ ಮಾರಾಯ್ರೆ."

ಪೌರತ್ವದ ಪತ್ರ ಕೈಸೇರಿದ ದಿನ ಮನೆಯಲ್ಲಿ ಪಾಯಸದ ಊಟ. ಭಾರತದ ನೂತನ ಪ್ರಜೆ ಎಲ್ಲರಿಗೂ ಬಡಿಸುತ್ತ ಬಂದು, ಮಾವಯ್ಯನ ಎಲೆಗೆ ಎರಡು ಸೌಟು ಹಾಗಲಕಾಯಿ ಪಲ್ಯ ಹಾಕಿ ಮುಂದೆ ಹೋದಳು.

ತಾಯಿ ಶಾರದೆ ಆ ಮನೆಯನ್ನು ತಣ್ಣಗಿಟ್ಟಿರಲಿ. ಭಟ್ಟರು ಮೊಮ್ಮಕ್ಕಳ ಮದುವೆ ಕಾಣುವಷ್ಟು ಕಾಲ ಬಾಳಲಿ. ಹಾಗೆ ಬಾಳಲೆಂದೇ ಬೆಲ್ಲದ ಡಬ್ಬಿಯ ಬೀಗದ ಕೈ ಎಂದೆಂದಿಗೂ ಸೊಸೆಯ ಸೊಂಟದಲ್ಲೇ ಇರಲಿ.