ಅಳತೆಗೆ ಕೊಟ್ಟ ಅಂಗಿ

ಎಲ್ಲ ತಾಪತ್ರಯಕ್ಕೂ ಮೂಲ ಸೋಮಲಿಂಗನ ಸವೆದ ಕಾಲರುಗಳು. ಮೇ ತಿಂಗಳಲ್ಲಿ ಮದುವೆ. ಗಂಡಿಗೆ ಸೂಟು ಹೊಲಿಸಿಕೊಡುವುದು ಹೆಣ್ಣಿನ ಕಡೆಯವರ ವಾಡಿಕೆ. ಬಸವೇಶ್ವರನಗರದ ಭಾವಿ ಮಾವ ಗುರುಬಸಪ್ಪನವರು ಅಳತೆಗೆ ಒಂದು ಅಂಗಿ ಬೇಕೆಂದು ಹೇಳಿ ಕಳಿಸಿದರು. ಇವನ ಮೂರೂ ಅಂಗಿಗಳ ಕಾಲರು ಕಿತ್ತುಹೋಗಿದ್ದವು. ಮಾನ ಹೋಗಬಾರದೆಂದು ಪಕ್ಕದ ಮನೆಯ ವೆಂಕಟಸ್ವಾಮಿಯ ಹೊಸ ಟೆರಿಲಿನ್ ಅಂಗಿಯನ್ನೇ ತನ್ನದೆಂದು ಕಳಿಸಿಬಿಟ್ಟ. ವೆಂಕಟಸ್ವಾಮಿ ಒಬ್ಬರೇ ಕೂತರೂ ಬಸ್ಸಿನ ಸೀಟು ಭರ್ತಿಯಾಗುತ್ತದೆ ಎಂಬುದು ಆ ಗಡಿಬಿಡಿಯಲ್ಲಿ ನೆನಪಾಗಲಿಲ್ಲ.

ನೆನಪಾದದ್ದು ಭಾನುವಾರ ಬೆಳಿಗ್ಗೆ, "ಹನ್ನೊಂದಕ್ಕೆ ಟೈಲರ್ ಜೊತೆ ಟ್ರಯಲ್ ನೋಡಲು ಬರುತ್ತೇವೆ" ಎಂಬ ಚೀಟಿ ಬಂದಾಗ.

ಸೋಮಲಿಂಗ ಕುರುಬರಹಳ್ಳಿಯ ವಠಾರದ ನಲ್ಲಿಕಟ್ಟೆಯ ಮೇಲೆ ಕುಸಿದು ಕೂತ. "ಕೆಟ್ಟೆ ವೆಂಕಟಸ್ವಾಮಣ್ಣ! ಕೋಟು ನಿಮ್ಮ ಸೈಜಿಗೆ ಬಂದಿರತ್ತೆ. ಸಂಬಳ ಕಮ್ಮಿ ಇದ್ರೆ ಇರ್ಲಿ, ಸುಳ್ಳು ಹೇಳೋ ಅಳಿಯ ಮಾತ್ರ ಬೇಡ ಅಂತ ಮಾವ ನಿಶ್ಚಿತಾರ್ಥದಲ್ಲೇ ಹೇಳಿದಾರೆ. ಮದುವೆನೇ ಮುರಿದುಹೋಗತ್ತೆ!"

"ಅಷ್ಟಕ್ಕೆಲ್ಲ ಹೆದರ್ತಾರೇನೋ? ಕೋಟನ್ನ ಸಣ್ಣ ಮಾಡೋಕಾಗಲ್ಲ, ನಿನ್ನನ್ನೇ ದಪ್ಪ ಮಾಡಿದ್ರಾಯ್ತು," ಎಂದರು ವೆಂಕಟಸ್ವಾಮಿ.

ಎದುರು ಮನೆಯ ನರಸಮ್ಮ ಕರೆಯದೆಯೇ ಬಂದರು. ಟ್ರಂಕಿನಿಂದ ಯಜಮಾನರ ಎರಡು ಉಣ್ಣೆ ಸ್ವೆಟರುಗಳನ್ನು ಎಳೆದು ತಂದರು. "ಹಾಕ್ಕೊಳಪ್ಪ, ನಾಚ್ಕೋಬೇಡ. ಹೊಟ್ಟೆಗೆ ಈ ಟವೆಲ್ಲು ಸುತ್ತು. ಅಯ್ಯೋ ಶಿವನೇ, ಎದೆ ಬಂತು, ತೋಳೇ ಬರ್ಲಿಲ್ವಲ್ಲ!" ತೋಳಿಗೆ ದಿಂಬಿನ ಗವಸು ಸುತ್ತಿದರು. ಎಲ್ಲದರ ಮೇಲೆ ವೆಂಕಟಸ್ವಾಮಿಯದೇ ಇನ್ನೊಂದು ಅಂಗಿ. ಹನ್ನೊಂದರ ಬಿಸಿಲಿಗೆ ಸೋಮಲಿಂಗ ಇಡ್ಲಿಯಂತೆ ಬೇಯುತ್ತಿದ್ದ.

ಆಟೋದಿಂದ ಇಳಿದ ಗುರುಬಸಪ್ಪನವರು ಭಾವಿ ಅಳಿಯನನ್ನು ಕಂಡು ಎರಡು ಸಲ ಕನ್ನಡಕ ಒರೆಸಿಕೊಂಡರು. ಟೈಲರು ಕಚ್ಚಾ ಹೊಲಿಗೆಯ ಕೋಟನ್ನು ತೋಳಿಗೆ ಏರಿಸಿದ. ಮೊಣಕೈ ದಾಟಲಿಲ್ಲ. ಇನ್ನಷ್ಟು ಎಳೆದ. ಪರ್ರನೆ ಕಂಕುಳ ಹೊಲಿಗೆ ಬಿಟ್ಟಿತು.

ಸೋಮಲಿಂಗನಿಗೆ ತಲೆಬುಡ ಅರ್ಥವಾಗಲಿಲ್ಲ.

"ತಪ್ಪು ನಂದೇ ಅಳಿಯಂದಿರೇ," ಎಂದು ಗುರುಬಸಪ್ಪನವರು ಅವನ ಕೈ ಹಿಡಿದುಕೊಂಡರು. "ಹೆಣ್ಣು ನೋಡೋಕೆ ಬಂದಾಗ ನೀವು ಸಣಕಲಾಗಿದ್ರಿ. ಆ ಅಂಗಿ ನೋಡಿ, ಯಾರದ್ದೋ ಕಳಿಸಿ ಸುಳ್ಳು ಹೇಳ್ತಿದಾರೆ ಅಂತ ಅನುಮಾನ ಬಂತು. ಅಂಗಿನ ಪಕ್ಕಕ್ಕಿಟ್ಟು, ಆವತ್ತು ಕಂಡ ಮೈಗೆ ಸರಿಯಾಗಿ ಕಣ್ಣಳತೆಲೇ ಹೊಲಿಸಿದೆ. ಎಂಥ ಸತ್ಯವಂತನ ಮೇಲೆ ಅನುಮಾನಪಟ್ಟೆ ನೋಡಿ!" ಅವರ ಕಣ್ಣಲ್ಲಿ ನೀರೇ ಬಂತು.

ನಿಜ ಹೇಳಿಬಿಡಲು ಸೋಮಲಿಂಗ ಬಾಯಿ ತೆರೆದ. ವೆಂಕಟಸ್ವಾಮಿ ಹಿಂದಿನಿಂದ ಚಿವುಟಿದರು. ಎರಡು ಸ್ವೆಟರು ದಾಟಿ ಅದು ಮೈಗೆ ತಲುಪಲಿಲ್ಲ. ಆದರೂ ಅರ್ಥವಾಯಿತು, ಬಾಯಿ ಮುಚ್ಚಿಕೊಂಡ.

"ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟಿದೀನಿ ಸಾರ್, ಅಗಲ ಮಾಡ್ಕೊಡ್ತೀನಿ," ಎಂದ ಟೈಲರು ಸೋಮಲಿಂಗನನ್ನು ಹೇಗಿದ್ದನೋ ಹಾಗೇ ನಿಲ್ಲಿಸಿ ಟೇಪು ಸುತ್ತಿ ಹೊಸ ಅಳತೆ ಬರೆದುಕೊಂಡ.

"ಮದುವೆವರೆಗೂ ಮೈ ಇಳಿಸ್ಬೇಡಿ. ಮತ್ತೆ ಬಿಚ್ಚಿ ಹೊಲಿಯೋಕಾಗಲ್ಲ," ಎನ್ನುತ್ತಾ ಗುರುಬಸಪ್ಪನವರು ಆಟೋ ಹತ್ತಿದರು.

ಆಟೋ ತಿರುವು ದಾಟಿದ್ದೇ ತಡ, ನರಸಮ್ಮ ಕೈ ಚಾಚಿದರು. "ಸ್ವೆಟರ್ ಬಿಚ್ಚಿಕೊಡಪ್ಪ, ಬೆವರು ಹಿಡಿಯತ್ತೆ."

"ಮದುವೆ ಆದ್ಮೇಲೆ ಕೊಡ್ತೀನಿ, ನರಸಮ್ಮನೋರೇ," ಎಂದ ಸೋಮಲಿಂಗ.